ವೀರದಿಂದ ಅದ್ಭುತ: ಒಂದು ವ್ಯೋಮಕಥಾಚಿತ್ರದ ಪಾಠಾಂತರ ವಿಚಾರ

೧

ಬಹುಕಾಲ ಬಾಳಿದ ಕಾವ್ಯಕ್ಕೆ ಪಾಠಾಂತರಗಳು ಹುಟ್ಟುವುದು ಸಹಜ. ಪ್ರತಿಕಾರನ ಕೈತಪ್ಪು, ಗಮಕಿಯ ಸ್ವಾತಂತ್ರ್ಯ, ಓದುಗನು ಅಂಚಿನಲ್ಲಿ ಬರೆದುಕೊಂಡ ಪದ್ಯ, ಇವೆಲ್ಲ ಕಾಲಕ್ರಮದಲ್ಲಿ ಮೂಲದೊಳಕ್ಕೆ ನುಸುಳಿಕೊಳ್ಳುತ್ತವೆ. ಓಲೆಗರಿಯ ಗ್ರಂಥಗಳನ್ನು ಪರಿಷ್ಕರಿಸಿದ ನಮ್ಮ ವಿದ್ವಾಂಸರು ಈ ತೊಡಕನ್ನು ಬಿಡಿಸುವುದರಲ್ಲಿ ಆಯುಷ್ಯದ ಬಹುಭಾಗವನ್ನು ಸವೆಸಿದ್ದಾರೆ. ಯಂತ್ರದಿಂದ ಹುಟ್ಟಿ ಯಂತ್ರದಿಂದಲೇ ಪ್ರತಿಗಳಾಗುವ ಚಲಚ್ಚಿತ್ರಕ್ಕೆ ಇಂಥ ತೊಡಕು ಒದಗಲಾರದೆಂದು ತೋರಬಹುದು. ಆದರೆ ಒದಗಿದೆ, ಅದೂ ಲೋಕದಲ್ಲಿ ಅತ್ಯಂತ ಜನಪ್ರಿಯವಾದ ಚಿತ್ರಗಳಲ್ಲೊಂದಕ್ಕೆ, ಅದೂ ಪ್ರತಿಕಾರನಿಂದಲ್ಲ, ಸ್ವತಃ ಕರ್ತೃವಿನ ಕೈಯಿಂದ.

ಜಾರ್ಜ್ ಲ್ಯೂಕಾಸ್ ಬರೆದು ನಿರ್ದೇಶಿಸಿದ ‘ಸ್ಟಾರ್ ವಾರ್ಸ್’ ೧೯೭೭ನೆಯ ಇಸವಿ ಮೇ ೨೫ರಂದು ಅಮೆರಿಕದಲ್ಲಿ ತೆರೆಕಂಡಿತು. ಸುಮಾರು ಅರ್ಧಶತಮಾನ ಸಂದರೂ ಅದರ ಮೇಲಣ ಜನರ ಪ್ರೀತಿ ಬತ್ತಿಲ್ಲ. ಈ ಪ್ರೀತಿಗೆ ಕಾರಣವೇನೆಂಬುದನ್ನು ಹಲವರು ಹಲವು ಬಗೆಯಾಗಿ ಹೇಳಿದ್ದಾರೆ. ಪ್ರಕೃತ ಲೇಖನದಲ್ಲಿ ಆ ಚಿತ್ರದ ಪಾಠಾಂತರಗಳನ್ನೇ ಸಾಕ್ಷಿಯಾಗಿ ನಿಲ್ಲಿಸಿ ವಿಚಾರಮಾಡಬೇಕೆಂದು ಉದ್ದೇಶ. ಜನ ಯಾವ ಮಾರ್ಪಾಟನ್ನು ಸಹಿಸಿದರು, ಯಾವುದನ್ನು ಸಹಿಸಲಿಲ್ಲ ಎಂಬುದನ್ನು ನೋಡಿದರೆ ಅವರು ಪ್ರೀತಿಸಿದ್ದು ಏನನ್ನು ಎಂಬುದು ತಾನಾಗಿಯೇ ಹೊರಪಡುತ್ತದೆ.

ಈ ವಿಚಾರಕ್ಕೆ ಅಹಮದಾಬಾದಿನ ಕನ್ನಡಿಗನಿಗೆ ಒಂದು ವಿಶೇಷ ಪ್ರೇರಣೆಯೂ ಉಂಟು. ಈ ಲೇಖಕನು ವಾಸಿಸುವ ಬೋಡಕ್‌ದೇವಿಗೆ ನೆರೆಯಾದ ಬಡಾವಣೆಯ ಹೆಸರೇ ‘ಸ್ಯಾಟಲೈಟ್’, ಎಂದರೆ ಉಪಗ್ರಹ. ಭಾರತೀಯ ಬಾಹ್ಯಾಕಾಶ ಸಂಸ್ಥೆಯ ಉಪಯೋಗ ಕೇಂದ್ರ ಅಲ್ಲಿಗೆ ಸಮೀಪದಲ್ಲಿದೆ. ವಿಕ್ರಮ್ ಸಾರಾಭಾಯಿಯವರು ೧೯೪೭ರಲ್ಲಿ ಸ್ಥಾಪಿಸಿದ ಭೌತಿಕ ಸಂಶೋಧನಾಲಯ ಇದೇ ಊರಿನದು. ಉಡುಪಿಯ ಬಳಿಯ ಅದಮಾರಿನಲ್ಲಿ ಹುಟ್ಟಿದ ಯು. ಆರ್. ರಾಯರು ಆ ಸಂಶೋಧನಾಲಯದಲ್ಲಿ ಸಾರಾಭಾಯಿಯವರ ಶಿಷ್ಯರಾಗಿದ್ದು, ಮುಂದೆ ೧೯೭೫ರಲ್ಲಿ ಮೇಲೇರಿದ ‘ಆರ್ಯಭಟ’ದ ನಿರ್ಮಾಣಕ್ಕೆ ನಾಯಕರಾದರು. ಅದೇ ವರ್ಷದ ಆಗಸ್ಟ್ ತಿಂಗಳಿಂದ ಒಂದು ವರ್ಷ ಕಾಲ ಮುಖ್ಯವಾಗಿ ಅಹಮದಾಬಾದಿನ ಭೂಕೇಂದ್ರದಿಂದ ಹೊರಟ ದೂರದರ್ಶನದ ಅಲೆಗಳು ಸುಮಾರು ೩೬,೦೦೦ ಕಿಲೋಮೀಟರ್ ಎತ್ತರದಲ್ಲಿದ್ದ ಅಮೆರಿಕದ ಉಪಗ್ರಹವನ್ನು ಮುಟ್ಟಿ, ಆರು ರಾಜ್ಯಗಳ ಸುಮಾರು ೨,೪೦೦ ಹಳ್ಳಿಗಳಿಗೆ ಇಳಿದವು. ಬಿಜಾಪುರ, ಗುಲ್ಬರ್ಗ, ರಾಯಚೂರು ಜಿಲ್ಲೆಗಳ ಹಳ್ಳಿಗಳೂ ಅವುಗಳಲ್ಲಿ ಸೇರಿದ್ದವು. ಅಲ್ಲಿಯ ಜನ ಆಕಾಶದಿಂದ ಬಂದ ಕನ್ನಡವನ್ನು ಕಂಡು ಕೇಳಿದರು. ಹೀಗೆ ನಿಜವಾದ ವ್ಯೋಮವಿದ್ಯೆ ನೆರೆಮನೆಯಾಗಿರುವ ಊರಿನಲ್ಲಿಯೂ ಕಟ್ಟುಕಥೆಯ ವ್ಯೋಮನೌಕೆ ಮಕ್ಕಳ ಮತ್ತು ದೊಡ್ಡವರ ಮನಸ್ಸನ್ನು ಸೆಳೆಯುತ್ತಿರುವುದನ್ನು ನೋಡಿದಾಗ, ಅದರ ಸೆಳೆತ ವಿಜ್ಞಾನದ ಸೆಳೆತವಲ್ಲವೆಂಬುದು ಮೊದಲಿಗೇ ಸ್ಪಷ್ಟವಾಗುತ್ತದೆ. ನಿರ್ವಾತದಲ್ಲಿ ಶಬ್ದ ಹುಟ್ಟುವುದಿಲ್ಲವೆಂದು ಬಲ್ಲವರೂ ಈ ಚಿತ್ರದ ಆಕಾಶಯುದ್ಧದ ಗರ್ಜನೆಯನ್ನು ಸಂತೋಷದಿಂದ ಕೇಳುತ್ತಾರೆ.

೨

ಚಿತ್ರವನ್ನು ನೋಡದ ವಾಚಕರಿಗಾಗಿ ಕಥೆಯನ್ನು ಸಂಗ್ರಹಿಸಿ ಹೇಳುವುದು ಅವಶ್ಯ. ದುಷ್ಟ ಸಾಮ್ರಾಜ್ಯವೊಂದು ಒಂದು ಇಡೀ ಗ್ರಹವನ್ನೇ ಸುಡಬಲ್ಲ ಕೃತಕ ಗೋಳವನ್ನು ನಿರ್ಮಿಸಿದೆ. ಅದರ ನಕ್ಷೆಯನ್ನು ಬಂಡಾಯಗಾರರ ಪಕ್ಷದ ರಾಜಕುಮಾರಿ ಲೇಯಾ ಒಂದು ಯಂತ್ರಮಾನವನ ಒಡಲಲ್ಲಿ ಅಡಗಿಸಿ ಕಳುಹಿಸುತ್ತಾಳೆ. ಅದು ಮರುಭೂಮಿಯ ಗ್ರಹವೊಂದರಲ್ಲಿ ಚಿಕ್ಕಪ್ಪನ ಆಶ್ರಯದಲ್ಲಿ ಬೇಸಾಯಗಾರನಾಗಿ ಬೆಳೆದ ಲೂಕ್ ಎಂಬ ತರುಣನ ಕೈಸೇರುತ್ತದೆ. ಓಬಿ-ವಾನ್ ಎಂಬ ವೃದ್ಧ ಯೋಧ ಅವನಿಗೆ ಗುರುವಾಗುತ್ತಾನೆ. ಕಳ್ಳಸಾಗಣೆಯಿಂದ ಹೊಟ್ಟೆ ಹೊರೆಯುವ ಹಾನ್ ಸೋಲೋ ಎಂಬವನು ಬಾಡಿಗೆಗೆ ನೌಕೆಯನ್ನು ನಡೆಸಲು ಒಪ್ಪುತ್ತಾನೆ. ಸೆರೆಸಿಕ್ಕ ರಾಜಕುಮಾರಿಯನ್ನು ಬಿಡಿಸುತ್ತಾರೆ, ಗುರು ಮಡಿಯುತ್ತಾನೆ, ಕೊನೆಯಲ್ಲಿ ಆ ಮಾರಕ ಗೋಳ ನಾಶವಾಗುತ್ತದೆ.

ಕಥೆಯಲ್ಲಿ ಹೊಸತು ಬಹಳವಿಲ್ಲ. ಸುಮಾರು ೧೯೩೦ರ ದಶಕದ ಆಕಾಶಸಾಹಸದ ಧಾರಾವಾಹಿ ಚಿತ್ರಗಳ ಋಣ ಇದರ ಮೇಲಿದೆ. ಜಪಾನಿನ ಅಕಿರ ಕುರೊಸಾವ ೧೯೫೮ರಲ್ಲಿ ನಿರ್ಮಿಸಿದ ಚಿತ್ರವೊಂದರಲ್ಲಿ ಇಬ್ಬರು ಬಡ ರೈತರ ಕಣ್ಣಿನಿಂದ ರಾಜಕುಮಾರಿಯ ಕಥೆ ನಡೆಯುತ್ತದೆ. ಲ್ಯೂಕಾಸರ ಎರಡು ಯಂತ್ರಮಾನವರು ಆ ರೈತರ ವಂಶದವರು. ಕರ್ತೃವು ಈ ಋಣವನ್ನು ಮುಚ್ಚಿಟ್ಟವನಲ್ಲ. ಕಥಾವಸ್ತು ಎರವಲಾದ ಮಾತ್ರಕ್ಕೆ ಕೃತಿ ಹೀನವಾಗುವುದಿಲ್ಲವೆಂಬುದನ್ನು ಕನ್ನಡಿಗರಿಗೆ ಯಾರೂ ಹೇಳಿಕೊಡಬೇಕಾಗಿಲ್ಲ. ನಮ್ಮ ಮಹಾಕಾವ್ಯಗಳಲ್ಲಿ ಬಹುಪಾಲು ಎರವಲಿನ ವಸ್ತುವಿನಿಂದಲೇ ಎದ್ದು ನಿಂತಿವೆ.

ಈ ಪ್ರೀತಿಗೆ ಎರಡು ಸುಲಭ ಕಾರಣಗಳನ್ನು ಕೊಡುವುದುಂಟು. ಒಂದು, ವ್ಯಾಪಾರ. ಆಟಿಕೆ, ಅಂಗಿ, ಭಿತ್ತಿಪತ್ರಗಳ ಮೂಲಕ ಈ ಪ್ರೀತಿಯನ್ನು ಮಾರಾಟಗಾರರು ಹುಟ್ಟಿಸಿದರೆಂಬ ವಾದ. ನಡೆದ ಸಂಗತಿ ಇದಕ್ಕೆ ವಿರುದ್ಧವಾಗಿದೆ. ಚಿತ್ರಕ್ಕೆ ಇಷ್ಟು ಜನ ಮುಗಿಬೀಳುವರೆಂದು ಆಟಿಕೆ ತಯಾರಿಸುವವರೇ ಎಣಿಸಿರಲಿಲ್ಲ. ೧೯೭೭ರ ಕ್ರಿಸ್ಮಸ್ ಬಂದಾಗ ಬೊಂಬೆಗಳು ಸಿದ್ಧವಿರಲಿಲ್ಲವಾಗಿ, ಬೊಂಬೆಯಿಲ್ಲದ ಪೆಟ್ಟಿಗೆಯಲ್ಲಿ, ಮುಂದೆ ಬೊಂಬೆ ಕಳುಹಿಸುವೆವೆಂಬ ಒಂದು ಪತ್ರವನ್ನಿಟ್ಟು ಮಾರಿದರು, ಜನ ಕೊಂಡರು. ಹಣಕಾಸಿನ ವ್ಯವಹಾರ ಬಲ್ಲವರಿಗೆ ಇದರ ಅರ್ಥ ಕೂಡಲೇ ಹೊಳೆಯುತ್ತದೆ. ಅಲ್ಲಿ ಮಾರಾಟವಾದದ್ದು ಸರಕಲ್ಲ, ವಾಗ್ದಾನ. ವಾಗ್ದಾನದ ಪತ್ರವನ್ನು ಜನ ಕೊಳ್ಳಬೇಕಾದರೆ ವಿಶ್ವಾಸ ಮೊದಲೇ ಹುಟ್ಟಿರಬೇಕು. ವ್ಯಾಪಾರವು ಪ್ರೀತಿಯ ಬೆನ್ನು ಹತ್ತಿ ಬಂದಿತೇ ಹೊರತು ಪ್ರೀತಿ ವ್ಯಾಪಾರದ ಬೆನ್ನು ಹತ್ತಿ ಬರಲಿಲ್ಲ.

ಇನ್ನೊಂದು, ಬಾಲ್ಯದ ನೆನಪು. ಎಳವೆಯಲ್ಲಿ ನೋಡಿದ್ದೆಲ್ಲ ಸಿಹಿಯಾಗಿ ಕಾಣುತ್ತದೆಂಬುದು ನಿಜ. ಆದರೆ ಎಳವೆಯಲ್ಲಿ ನೋಡಿದ ನೂರು ಚಿತ್ರಗಳಲ್ಲಿ ತೊಂಬತ್ತು ಮರೆತುಹೋಗುತ್ತವೆ. ಉಳಿದ ಹತ್ತು ಏಕೆ ಉಳಿದುವೆಂಬ ಪ್ರಶ್ನೆಗೆ ‘ನೆನಪು’ ಎಂಬುದು ಉತ್ತರವಾಗಲಾರದು.

೩

ವಿಸ್ಮಯವು ಅದ್ಭುತರಸದ ಸ್ಥಾಯಿಭಾವವೆಂದು ಆಲಂಕಾರಿಕರ ಮತ. ಆದರೆ ವಿಸ್ಮಯಕ್ಕೆ ಒಂದು ಸ್ವಭಾವದೋಷವಿದೆ: ಅದು ಹೊಸತನ್ನು ಅವಲಂಬಿಸುತ್ತದೆ. ಮೊದಲ ಸಲ ಬೆರಗುಗೊಳಿಸಿದ ಯಂತ್ರ ಎರಡನೆಯ ಸಲ ಕೇವಲ ಯಂತ್ರ. ೧೯೭೭ರಲ್ಲಿ ನೌಕೆಗಳ ಮಾದರಿಗಳನ್ನು ಚಿತ್ರೀಕರಿಸಲು ಗಣಕದ ಹತೋಟಿಯಲ್ಲಿ ಚಲಿಸುವ ಹೊಸ ಛಾಯಾಯಂತ್ರವನ್ನು ಜಾನ್ ಡೈಕ್ಸ್ಟ್ರಾ ಮತ್ತು ಸಂಗಡಿಗರು ರೂಪಿಸಿದರು, ನೋಡಿದವರು ನಿಬ್ಬೆರಗಾದರು. ಇಂದು ಅದಕ್ಕಿಂತ ಕಣ್ಣು ಕೋರೈಸುವ ದೃಶ್ಯಗಳು ಸಾಧಾರಣ ಚಿತ್ರಗಳಲ್ಲಿಯೂ ಇರುತ್ತವೆ. ಯಂತ್ರದ ಬೆರಗೇ ಈ ಚಿತ್ರದ ಜೀವವಾಗಿದ್ದರೆ ಅದು ಎಂದೋ ಸತ್ತುಹೋಗಬೇಕಾಗಿತ್ತು.

ಇಲ್ಲಿ ಭರತನ ಒಂದು ಮಾತು ನಮ್ಮ ಕೈಹಿಡಿಯುತ್ತದೆ. ನಾಟ್ಯಶಾಸ್ತ್ರದ ಆರನೆಯ ಅಧ್ಯಾಯದಲ್ಲಿ ಅವನು ನಾಲ್ಕು ರಸಗಳಿಂದ ಉಳಿದ ನಾಲ್ಕು ಹುಟ್ಟುವ ಕ್ರಮವನ್ನು ಹೇಳುತ್ತ, ಅದ್ಭುತವು ವೀರದಿಂದ ಹುಟ್ಟುವುದೆನ್ನುತ್ತಾನೆ. ನೋಡುವವರನ್ನು ನಿಜವಾಗಿ ಬೆರಗುಗೊಳಿಸುವುದು ವಸ್ತುವಿನ ವೈಚಿತ್ರ್ಯವಲ್ಲ, ಮನುಷ್ಯನು ತನ್ನ ಅಳತೆಯನ್ನು ಮೀರಿ ನಿಲ್ಲುವ ಕ್ಷಣ ಎಂದು ಇದರಿಂದ ತಿಳಿಯಬಹುದು. ವಸ್ತುವಿನ ವೈಚಿತ್ರ್ಯ ಹಳತಾಗುತ್ತದೆ. ಆ ಕ್ಷಣ ಹಳತಾಗುವುದಿಲ್ಲ. ರೂಪಕದ ಕೊನೆಯಲ್ಲಿ, ನಿರ್ವಹಣ ಸಂಧಿಯಲ್ಲಿ, ಅದ್ಭುತ ಇರಬೇಕೆಂದೂ ಭರತನ ವಿಧಿಯುಂಟು.

ಈ ಅಳತೆಗೋಲಿನಿಂದ ಚಿತ್ರವನ್ನು ನೋಡೋಣ. ಅದರ ಮೊದಲ ಜಾಣತನವೆಂದರೆ ಯಂತ್ರಗಳ ಅದ್ಭುತವನ್ನು ಬೇಕೆಂದೇ ತಗ್ಗಿಸಿರುವುದು. ಕಥೆ ಮುಂದೆ ನಡೆಯಲಿರುವುದಲ್ಲ, ಬಹಳ ಹಿಂದೆ ನಡೆದದ್ದು ಎಂದು ಮೊದಲಿಗೇ ಹೇಳಿಬಿಡುತ್ತದೆ. ಪುರಾಣದ ರೀತಿಯೇ ಅದು. ಅಲ್ಲಿಯ ನೌಕೆ ಮಸಿಹಿಡಿದದ್ದು, ಆಗಾಗ ಕೆಡುವಂಥದು. ಯಂತ್ರಮಾನವರು ಧೂಳು ಮೆತ್ತಿದವರು. ಲೂಕನ ಚಿಕ್ಕಪ್ಪ ಗುಜರಿ ವ್ಯಾಪಾರಿಗಳಿಂದ ಅವರನ್ನು ಕೊಳ್ಳುವ ದೃಶ್ಯ ನಮ್ಮ ದನದ ಸಂತೆಗಿಂತ ಬೇರೆಯಲ್ಲ. ಏನು ಬಲ್ಲೆ, ಯಾವ ಭಾಷೆ ಆಡುತ್ತೀ ಎಂದು ವಿಚಾರಿಸಿ ಆರಿಸುತ್ತಾನೆ. ಆರಿಸಿದ್ದರಲ್ಲಿ ಒಂದು ನಾಲ್ಕು ಹೆಜ್ಜೆ ಇಡುವಷ್ಟರಲ್ಲಿ ಕೆಟ್ಟು ನಿಲ್ಲುತ್ತದೆ. ಹಿಂದಿರುಗಿಸಿ ಬೇರೊಂದನ್ನು ಪಡೆಯುತ್ತಾರೆ. ಎರಡು ಸೂರ್ಯರು ಮುಳುಗುವ ವಿಚಿತ್ರ ಸಂಜೆಯೂ ಅಲ್ಲಿ ಬರುತ್ತದೆ. ಆದರೆ ನಾವು ನೋಡುವುದು ಸೂರ್ಯರನ್ನಲ್ಲ, ಊರುಬಿಟ್ಟು ಹೋಗಲಾರದೆ ಅವುಗಳತ್ತ ದೃಷ್ಟಿನೆಟ್ಟ ಹುಡುಗನನ್ನು. ಜಾನ್ ವಿಲಿಯಮ್ಸ್ ಅವರ ಸಂಗೀತವೂ ಹುಡುಗನ ಹಂಬಲವನ್ನೇ ನುಡಿಸುತ್ತದೆ. ಹೊಟ್ಟೆಪಾಡಿಗಾಗಿಯೋ ವಿದ್ಯೆಗಾಗಿಯೋ ಊರುಬಿಟ್ಟು ಬಂದ ಯಾವ ಕನ್ನಡಿಗನಿಗೂ ಆ ಸಂಜೆ ಅಪರಿಚಿತವಲ್ಲ.

ಚಿತ್ರದ ನಿರ್ವಹಣದಲ್ಲಿ ಎರಡು ಅದ್ಭುತಗಳಿವೆ. ಎರಡೂ ವೀರದಿಂದ ಹುಟ್ಟಿದವು. ಗುರಿಹಿಡಿಯುವ ಯಂತ್ರವನ್ನು ಬದಿಗೊತ್ತಿ, ಗುರುವಿನ ಮಾತನ್ನು ನಂಬಿ ಲೂಕನು ಅಸ್ತ್ರವನ್ನು ಬಿಡುವುದು ಒಂದು. ಯಂತ್ರವೈಭವದ ಚಿತ್ರ ತನ್ನ ಉತ್ತುಂಗದಲ್ಲಿ ಯಂತ್ರವನ್ನೇ ಕೈಬಿಡುತ್ತದೆ! ಇನ್ನೊಂದು ಇದಕ್ಕಿಂತಲೂ ಹಿರಿದು. ಬಾಡಿಗೆ ಹಣ ಎಣಿಸಿಕೊಂಡು, ಯುದ್ಧ ತನಗೆ ಸಂಬಂಧಿಸಿದ್ದಲ್ಲವೆಂದು ಹೊರಟುಹೋದ ಹಾನ್ ಸೋಲೋ, ಲೂಕನ ಪ್ರಾಣ ಹೋಗಲಿರುವ ಗಳಿಗೆಯಲ್ಲಿ ಸೂರ್ಯನ ಕಡೆಯಿಂದ ಹಿಂದಿರುಗಿ ಎರಗುತ್ತಾನೆ. ಲೂಕನು ಒಳ್ಳೆಯ ಹುಡುಗ. ಅವನಿಂದ ಒಳಿತನ್ನು ನಿರೀಕ್ಷಿಸಿದ್ದೆವು. ಹಾನನಿಂದ ನಿರೀಕ್ಷಿಸಿರಲಿಲ್ಲ. ಪ್ರೇಕ್ಷಕರ ಉದ್ಗಾರ ಅಲ್ಲಿಯದು.

ಚಿತ್ರದಲ್ಲಿ ದೋಷಗಳಿಲ್ಲವೆಂದಲ್ಲ. ಸಂಭಾಷಣೆ ಹಲವೆಡೆ ಬಿಗುಸು. ಇಡೀ ಲೋಕದಲ್ಲಿ ಮಾತಿಗೆ ಸಿಗುವ ಹೆಂಗಸರು ಬೆರಳೆಣಿಕೆಯಷ್ಟು. ಎಲ್ಲಕ್ಕಿಂತ ದೊಡ್ಡ ಕೊರತೆ ಕರುಣದ್ದು. ಲೇಯಾಳ ಹುಟ್ಟುನೆಲವೆಲ್ಲ ಅವಳ ಕಣ್ಣೆದುರಿನಲ್ಲಿ ಭಸ್ಮವಾಗುತ್ತದೆ. ಸ್ವಲ್ಪ ಹೊತ್ತಿನಲ್ಲಿ ಒಬ್ಬ ಗುರುವನ್ನು ಕಳೆದುಕೊಂಡ ಲೂಕನನ್ನು ಅವಳೇ ಸಂತೈಸುತ್ತಾಳೆ. ಅವಳನ್ನು ಸಂತೈಸುವವರು ಯಾರೂ ಇಲ್ಲ. ವೀರಕ್ಕೆ ಅವಸರವಾಗಿ ಕರುಣವನ್ನು ಬಲಿಗೊಟ್ಟಂತೆ ಇದು ತೋರುತ್ತದೆ.

೪

ಇನ್ನು ಪಾಠಾಂತರಗಳ ವಿಚಾರ. ೧೯೮೧ರ ಮರುಪ್ರದರ್ಶನದಲ್ಲಿ ಆರಂಭದ ಬರಹಕ್ಕೆ ‘ನಾಲ್ಕನೆಯ ಸಂಚಿಕೆ’ ಎಂಬ ಮಾತೂ ಒಂದು ಉಪಶೀರ್ಷಿಕೆಯೂ ಸೇರಿದುವು. ಯಾರೂ ವಿಶೇಷವಾಗಿ ಆಕ್ಷೇಪಿಸಲಿಲ್ಲ. ದೊಡ್ಡ ತಿದ್ದುಪಡಿ ನಡೆದದ್ದು ೧೯೯೭ರಲ್ಲಿ. ಗಣಕಯಂತ್ರದಿಂದ ರಚಿಸಿದ ಪ್ರಾಣಿಗಳೂ ಕಟ್ಟಡಗಳೂ ಮರುಭೂಮಿಯ ಪಟ್ಟಣದೊಳಕ್ಕೆ ಬಂದುವು. ಹಾನನಿಗೂ ಅವನ ಸಾಲಗಾರ ಜಬ್ಬನಿಗೂ ನಡೆಯುವ, ಮೊದಲು ಚಿತ್ರಿಸಿ ಕೈಬಿಟ್ಟಿದ್ದ ಭೇಟಿಯೊಂದು ಮತ್ತೆ ಸೇರಿತು. ಅದರಲ್ಲಿ ಹೇಳುವ ವಿಷಯ ಹಿಂದಿನ ದೃಶ್ಯದಲ್ಲಿಯೇ ಬಂದುಹೋಗಿರುವುದರಿಂದ ಅದು ಪುನರುಕ್ತಿ. ಪಟ್ಟಣದಲ್ಲಿ ಸೇರಿದ ಪ್ರಾಣಿಗಳಾದರೋ ಪಾತ್ರಗಳಿಗೆ ಅಡ್ಡಬಂದು ತಮ್ಮನ್ನು ನೋಡಿರೆಂದು ಕೇಳಿಕೊಳ್ಳುತ್ತವೆ. ಬಳಸಿ ಸವೆದ ಲೋಕವೆಂಬ ಭ್ರಾಂತಿಗೆ ಇದರಿಂದ ಭಂಗ ಬಂದಿತು. ಇವನ್ನೂ ಹಲವರು ಮೆಚ್ಚಲಿಲ್ಲ. ಆದರೂ ಗೊಣಗಿ ಸುಮ್ಮನಾದರು.

ಸುಮ್ಮನಾಗದೆ ಹೋದದ್ದು ಒಂದೇ ಒಂದು ತಿದ್ದುಪಡಿಗೆ. ಪಾನಗೃಹವೊಂದರಲ್ಲಿ ಗ್ರೀಡೋ ಎಂಬ ಬಾಡಿಗೆ ಹಂತಕನು ಹಾನನೆದುರು ಬಂದೂಕು ಹಿಡಿದು ಕುಳಿತುಕೊಳ್ಳುತ್ತಾನೆ. ೧೯೭೭ರ ಪಾಠದಲ್ಲಿ ಹಾನನು ಅವನನ್ನು ಮಾತಿನಲ್ಲಿ ತೊಡಗಿಸಿ, ಮೇಜಿನಡಿಯಿಂದ ತಾನೇ ಗುಂಡು ಹಾರಿಸಿ ಕೊಲ್ಲುತ್ತಾನೆ. ಗ್ರೀಡೋ ಹಾರಿಸುವುದೇ ಇಲ್ಲ. ೧೯೯೭ರ ಪಾಠದಲ್ಲಿ ಮೊದಲು ಗ್ರೀಡೋ ಹಾರಿಸಿ ಗುರಿತಪ್ಪುತ್ತಾನೆ. ಹಾನನು ಆತ್ಮರಕ್ಷಣೆಗಾಗಿ ತಿರುಗಿ ಹೊಡೆಯುತ್ತಾನೆ. ೨೦೦೪ರ ಪಾಠದಲ್ಲಿ ಇಬ್ಬರೂ ಬಹುಮಟ್ಟಿಗೆ ಒಟ್ಟಿಗೆ ಹಾರಿಸುತ್ತಾರೆ. ೨೦೧೯ರಲ್ಲಿ ಗ್ರೀಡೋವಿನ ಬಾಯಲ್ಲಿ ಇನ್ನೊಂದು ಮಾತು ಸೇರಿತು. ಕೆಲವೇ ಕ್ಷಣಗಳ ದೃಶ್ಯಕ್ಕೆ ಕರ್ತೃವಿನ ಪಕ್ಷದಿಂದ ಇಷ್ಟೊಂದು ತಿದ್ದುಪಡಿ. ಅದಕ್ಕೆ ಪ್ರತಿಯಾಗಿ ರಸಿಕರು ಹಾನನೇ ಮೊದಲು ಹೊಡೆದನೆಂಬ ಮಾತನ್ನು ಅಂಗಿಗಳ ಮೇಲೆ ಅಚ್ಚುಹಾಕಿಸಿಕೊಂಡು ತಿರುಗಿದರು.

ಮೇಲುನೋಟಕ್ಕೆ ಇದು ಹುಡುಗಾಟಿಕೆ. ವಿಚಾರಿಸಿದರೆ ಈ ಹಟದಲ್ಲಿ ಶುದ್ಧವಾದ ವಿಮರ್ಶನಬುದ್ಧಿಯಿದೆ. ಹಾನನು ಕೊನೆಯಲ್ಲಿ ಹಿಂದಿರುಗುವುದು ಅದ್ಭುತವಾಗಬೇಕಾದರೆ, ಅವನು ಹಿಂದಿರುಗುವ ಜಾತಿಯವನಲ್ಲವೆಂಬ ನಂಬಿಕೆ ನಮ್ಮಲ್ಲಿ ಮೊದಲೇ ಬೇರೂರಿರಬೇಕು. ಆ ನಂಬಿಕೆಯ ತಳಹದಿ ಪಾನಗೃಹದ ಗುಂಡು. ತನ್ನ ಪ್ರಾಣಕ್ಕೆ ಅಪಾಯವೆಂದು ಕಂಡರೆ ನ್ಯಾಯ ಅನ್ಯಾಯ ತೂಗಿ ನೋಡದವನು ಇವನು ಎಂದು ಅದು ಹೇಳುತ್ತದೆ. ಅಲ್ಲಿ ಅವನನ್ನು ನಿರ್ದೋಷಿಯನ್ನಾಗಿ ಮಾಡಿದರೆ, ಕೊನೆಯಲ್ಲಿ ಹಿಂದಿರುಗುವವನು ಮೊದಲಿನಿಂದಲೂ ಸಜ್ಜನನಾಗಿದ್ದವನು. ಅವನು ಕ್ರಮಿಸಿದ ದೂರ ಕುಗ್ಗುತ್ತದೆ. ದೂರ ಕುಗ್ಗಿದಷ್ಟೂ ಅದ್ಭುತ ಕುಗ್ಗುತ್ತದೆ. ಜನ ಕಾಪಾಡಹೊರಟದ್ದು ಒಂದು ಕೊಲೆಯನ್ನಲ್ಲ, ಒಂದು ಹೃದಯಪರಿವರ್ತನೆಯನ್ನು. ಶಾಸ್ತ್ರ ಓದದ ಪ್ರೇಕ್ಷಕನಿಗೂ ಭರತನ ಸೂತ್ರ ಅನುಭವದಿಂದ ಗೊತ್ತಿತ್ತು.

೫

ಪಾಠಾಂತರಗಳನ್ನೆಲ್ಲ ಜನ ದ್ವೇಷಿಸುತ್ತಾರೆಂದು ಇದರಿಂದ ತೀರ್ಮಾನಿಸಬಾರದು. ಕನ್ನಡದ ಎರಡು ನಿದರ್ಶನಗಳನ್ನು ಪರಿಶೀಲಿಸಿದರೆ ಈ ವಿಷಯ ವಿಶದವಾಗುತ್ತದೆ.

ಹುಣಸೂರು ಕೃಷ್ಣಮೂರ್ತಿಯವರು ನಿರ್ದೇಶಿಸಿದ ‘ಸತ್ಯ ಹರಿಶ್ಚಂದ್ರ’ ೧೯೬೫ರಲ್ಲಿ ಕಪ್ಪುಬಿಳುಪಿನಲ್ಲಿ ಬಂದಿತು. ರಾಜಕುಮಾರ್ ಹರಿಶ್ಚಂದ್ರ, ಪಂಡರೀಬಾಯಿ ಚಂದ್ರಮತಿ. ೨೦೦೮ರಲ್ಲಿ ಅದಕ್ಕೆ ಬಣ್ಣ ತುಂಬಿ ತೆರೆಗೆ ತಂದಾಗ ಕನ್ನಡಿಗರು ಆದರದಿಂದ ಬರಮಾಡಿಕೊಂಡರು. ಇದು ೧೯೯೭ರ ತಿದ್ದುಪಡಿಗಿಂತ ಚಿಕ್ಕದೇನಲ್ಲ. ಚಿತ್ರದ ಪ್ರತಿಯೊಂದು ಚೌಕಟ್ಟೂ ಮಾರ್ಪಟ್ಟಿತು. ಆದರೂ ಒಪ್ಪಿಗೆಯಾಯಿತು, ಏಕೆ? ಅರಸನು ಸುಡುಗಾಡಿನ ಕಾವಲುಗಾರನಾಗಿ, ಮಡದಿಯ ಮೇಲೆಯೇ ಕತ್ತಿಯೆತ್ತಬೇಕಾದ ಸ್ಥಿತಿಗೆ ಬರುವ ದೂರ ಎಳ್ಳಷ್ಟೂ ಕಡಿಮೆಯಾಗಲಿಲ್ಲ. ದೇವರು ಪ್ರತ್ಯಕ್ಷನಾಗುವ ಕೊನೆಯ ಅದ್ಭುತ, ರಾಘವಾಂಕನ ಕಾವ್ಯದಲ್ಲಿರುವಂತೆಯೇ, ಎತ್ತಿದ ಆ ಕತ್ತಿಯಿಂದಲೇ ಹುಟ್ಟುತ್ತದೆ. ಬಣ್ಣ ಅಲಂಕಾರ, ಶೀಲವನ್ನು ಅದು ಮುಟ್ಟಲಿಲ್ಲ.

ಎರಡನೆಯ ನಿದರ್ಶನ ಇನ್ನೂ ಕುತೂಹಲಕರ. ‘ಸ್ಟಾರ್ ವಾರ್ಸ್’ ಬಂದ ೧೯೭೭ರಲ್ಲಿಯೇ ಅದೇ ಹುಣಸೂರರ ‘ಬಭ್ರುವಾಹನ’ ಬಂದಿತು. ಅರ್ಜುನನೂ ಬಭ್ರುವಾಹನನೂ ರಾಜಕುಮಾರರೇ. ಒಬ್ಬ ನಟನೇ ತಂದೆಯಾಗಿ ಮಗನಾಗಿ ಎದುರುಬದಿರು ನಿಲ್ಲುವ ಛಾಯಾಗ್ರಹಣದ ಚಮತ್ಕಾರ ಇಂದು ಯಾರನ್ನೂ ಬೆರಗುಗೊಳಿಸುವುದಿಲ್ಲ. ಆದರೆ ಆ ತಂದೆಮಕ್ಕಳ ವಾಗ್ವಾದದ ಹಾಡು ಇಂದಿಗೂ ಕನ್ನಡಿಗರ ನಾಲಗೆಯ ಮೇಲಿದೆ. ಈ ಕಥೆಗೂ ಪಾಠಾಂತರವಿದೆ. ವ್ಯಾಸಭಾರತದ ಅಶ್ವಮೇಧಿಕ ಪರ್ವದಲ್ಲಿ, ವಿನಯದಿಂದ ಎದುರುಗೊಳ್ಳಲು ಬಂದ ಮಗನನ್ನು ಅರ್ಜುನನು ಕ್ಷತ್ರಿಯನಿಗೆ ತಕ್ಕಂತೆ ಹೋರಾಡಲಿಲ್ಲವೆಂದು ಜರೆಯುತ್ತಾನೆ. ಜೈಮಿನಿಯ ಸಂಪ್ರದಾಯದಲ್ಲಿ, ಅದನ್ನು ಕನ್ನಡಕ್ಕೆ ತಂದ ಲಕ್ಷ್ಮೀಶನಲ್ಲಿ, ಕಾಲಿಗೆರಗಿದ ಮಗನನ್ನು ಒದೆದು ಅವನ ಹುಟ್ಟನ್ನೇ ಹೀಯಾಳಿಸುತ್ತಾನೆ. ಎಂದರೆ ಇಲ್ಲಿಯ ಪಾಠಾಂತರ ನಾಯಕನ ದೋಷವನ್ನು ಮರೆಸಲಿಲ್ಲ, ಹೆಚ್ಚಿಸಿತು! ಕನ್ನಡನಾಡು ಒಪ್ಪಿದ್ದು, ಗಮಕದಲ್ಲಿ ಹಾಡಿದ್ದು, ಈ ಪಾಠವನ್ನೇ. ಅರ್ಜುನನು ಅಷ್ಟು ಕೆಳಗಿಳಿದುದರಿಂದಲೇ ಅವನ ಪತನ ನ್ಯಾಯವೆನಿಸುತ್ತದೆ. ನಾಗಲೋಕದ ಮಣಿಯಿಂದ ಅವನು ಮರಳಿ ಎದ್ದು ಮಗನನ್ನು ಮಗನೆಂದು ಕಾಣುವುದು ಅದ್ಭುತವೆನಿಸುತ್ತದೆ.

ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮ ಹೊಳೆಯುತ್ತದೆ. ಅಲಂಕಾರದ ಪಾಠಾಂತರವನ್ನು ಜನ ಒಪ್ಪಬಹುದು, ಬಿಡಬಹುದು. ನಾಯಕನ ಕೊರತೆಯನ್ನು ಆಳವಾಗಿಸಿ ಅವನು ಏರಬೇಕಾದ ಎತ್ತರವನ್ನು ಹೆಚ್ಚಿಸುವ ಪಾಠಾಂತರ ಮೂಲವನ್ನೇ ಹಿಂದಿಕ್ಕಬಹುದು. ಅವನ ಕೊರತೆಯನ್ನು ಸುಣ್ಣ ಬಳಿದು ಮುಚ್ಚುವ ಪಾಠಾಂತರವನ್ನು ಮಾತ್ರ, ಅದು ಕರ್ತೃವಿನದೇ ಆದರೂ, ಜನ ಮನ್ನಿಸುವುದಿಲ್ಲ. ಆಕಾಶನೌಕೆಯ ಕಥೆಯಾಗಲಿ ಕುದುರೆ ಕಟ್ಟಿದ ಕಥೆಯಾಗಲಿ, ಪ್ರೀತಿಯ ಗುಟ್ಟು ಇದೇ.

೬

ಇಲ್ಲಿಂದ ಒಂದು ಪ್ರಾಯೋಗಿಕ ಪ್ರಶ್ನೆ ಏಳುತ್ತದೆ. ತನ್ನ ಕೃತಿಯನ್ನು ತಿದ್ದುವ ಅಧಿಕಾರ ಕರ್ತೃವಿಗೆ ಇಲ್ಲವೆ? ಇದೆ, ಅದನ್ನು ಯಾರೂ ಅಲ್ಲಗಳೆಯುವಂತಿಲ್ಲ. ವಿವಾದವಿರುವುದು ತಿದ್ದುವುದರಲ್ಲಲ್ಲ, ಮೂಲವನ್ನು ಮರೆಮಾಡುವುದರಲ್ಲಿ. ೧೯೯೭ರ ನಂತರ ಮೊದಲಿನ ಪಾಠ ಸಾಮಾನ್ಯ ಪ್ರೇಕ್ಷಕನಿಗೆ ಸಿಗುವುದು ದುರ್ಲಭವಾಯಿತು. ೨೦೦೬ರಲ್ಲಿ ಅದನ್ನು ತಿದ್ದಿದ ಪಾಠದ ಜತೆಗೆ ಒಂದು ಅನುಬಂಧದಂತೆ, ಕಳಪೆ ಗುಣದ ಪ್ರತಿಯಲ್ಲಿ ಕೊಟ್ಟರು. ೧೯೭೭ರ ಮೂಲ ಪ್ರತಿಯೊಂದನ್ನು ಬ್ರಿಟಿಷ್ ಫಿಲ್ಮ್ ಇನ್‌ಸ್ಟಿಟ್ಯೂಟ್ ೨೦೨೫ರ ಜೂನ್‌ನಲ್ಲಿ ಲಂಡನ್ನಿನಲ್ಲಿ ಪ್ರದರ್ಶಿಸಿದಾಗ ಅದೊಂದು ಸುದ್ದಿಯೇ ಆಯಿತು. ಕೋಟ್ಯಂತರ ಜನ ನೋಡಿದ ಚಿತ್ರದ ಮೂಲಪಾಠವನ್ನು ನೋಡುವುದು ಸುದ್ದಿಯಾಗಬೇಕೆ? ಇದರಲ್ಲೊಂದು ವಿಪರ್ಯಾಸವೂ ಇದೆ. ಹಳೆಯ ಚಿತ್ರಗಳನ್ನು ಒಡೆಯರು ಮನಬಂದಂತೆ ಮಾರ್ಪಡಿಸಬಾರದೆಂದು ೧೯೮೮ರಲ್ಲಿ ಅಮೆರಿಕದ ಸಂಸತ್ತಿನ ಸಮಿತಿಯ ಮುಂದೆ ಬಲವಾಗಿ ವಾದಿಸಿದವರಲ್ಲಿ ಲ್ಯೂಕಾಸರೂ ಒಬ್ಬರು. ಮರುವರ್ಷ ಆ ದೇಶ ಕಾಪಿಡತಕ್ಕವೆಂದು ಆರಿಸಿದ ಮೊದಲ ೨೫ ಚಿತ್ರಗಳಲ್ಲಿ ‘ಸ್ಟಾರ್ ವಾರ್ಸ್’ ಸೇರಿತ್ತು.

ಲೆಕ್ಕದ ಪುಸ್ತಕ ಬರೆಯುವವರಿಗೆ ಒಂದು ಹಳೆಯ ಕಟ್ಟುಪಾಡಿದೆ. ನಮೂದು ತಪ್ಪಾದರೆ ಅದನ್ನು ಕೆರೆದು ಅಳಿಸಕೂಡದು. ಕೆಳಗಿನ ಅಂಕಿ ಓದಲು ಬರುವಂತೆ ಒಂದು ಗೆರೆ ಎಳೆದು, ಮೇಲೆ ಸರಿಯಾದ ಅಂಕಿ ಬರೆದು, ರುಜು ಹಾಕಬೇಕು. ತಿದ್ದಿದವನ ಮೇಲೆ ಅಪನಂಬಿಕೆಯಿಂದ ಮಾಡಿದ ನಿಯಮವಲ್ಲ ಇದು. ಹಳೆಯ ಅಂಕಿಯನ್ನು ನಂಬಿ ನಡೆದವರಿಗೆ ಸಲ್ಲಿಸುವ ಗೌರವ. ಗ್ರಂಥಸಂಪಾದಕರು ಅಡಿಯಲ್ಲಿ ಪಾಠಾಂತರಗಳನ್ನು ಕೊಡುವುದೂ ಇದೇ ಧರ್ಮವನ್ನು ಅನುಸರಿಸಿ. ಚಲಚ್ಚಿತ್ರಕ್ಕೂ ಈ ಧರ್ಮ ಸಲ್ಲಬೇಕು.

ಪರದೇಶದ ಸಿರಿವಂತ ಚಿತ್ರದ ವಿಷಯದಲ್ಲಿ ನಮಗೇಕೆ ಈ ಚಿಂತೆ ಎಂದು ಕೇಳುವವರಿರಬಹುದು. ಅದಕ್ಕೆ ಹಟಹಿಡಿದು ಮೂಲವನ್ನು ಕಾಯುವ ರಸಿಕರಿದ್ದಾರೆ. ನಮ್ಮ ಚಿತ್ರಗಳಿಗೆ ಎಷ್ಟು ಮಂದಿ ಇದ್ದಾರೆ? ೧೯೩೪ರಲ್ಲಿ ತೆರೆಕಂಡ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ದ ಪ್ರತಿ ಇಂದು ಲಭ್ಯವಿಲ್ಲ. ಅದಕ್ಕೆ ಪಾಠಾಂತರದ ಸಮಸ್ಯೆಯೇ ಇಲ್ಲ, ಏಕೆಂದರೆ ಪಾಠವೇ ಇಲ್ಲ. ಹಳಗನ್ನಡದ ಓಲೆಗಳಿಗಾಗಿ ಊರೂರು ಅಲೆದವರ ಶ್ರದ್ಧೆ ಚಿತ್ರಸುರುಳಿಗಳ ಕಡೆಗೂ ತಿರುಗಬೇಕಾಗಿದೆ. ಕರ್ನಾಟಕದ ಹೊರಗಿನ ಕನ್ನಡ ಸಂಘಗಳಲ್ಲಿ ಹಿಂದೆ ಪ್ರದರ್ಶಿಸಿದ ಚಿತ್ರಗಳ ಸುರುಳಿ, ಹಾಡಿನ ಪುಸ್ತಕ, ಭಿತ್ತಿಪತ್ರ ಯಾವುದಾದರೂ ಉಳಿದಿದ್ದರೆ ಅವುಗಳ ಪಟ್ಟಿಯನ್ನಾದರೂ ಮಾಡಿಡುವುದು ಕಷ್ಟದ ಕೆಲಸವಲ್ಲ. ಹಾನನ ಒಂದು ಗುಂಡಿಗಾಗಿ ಇಪ್ಪತ್ತೈದು ವರ್ಷಕ್ಕೂ ಹೆಚ್ಚು ಕಾಲ ವಾದಿಸಿದವರನ್ನು ನೋಡಿ ನಗುವ ಮುನ್ನ, ನಮ್ಮ ಅರ್ಜುನರ, ಹರಿಶ್ಚಂದ್ರರ ಮೂಲಪಾಠಗಳು ಎಲ್ಲಿವೆ, ಯಾವ ಸ್ಥಿತಿಯಲ್ಲಿವೆ ಎಂದು ವಿಚಾರಿಸಿಕೊಳ್ಳುವುದು ಉಚಿತ.